ಜುಲೈ ತಿಂಗಳಲ್ಲಿ ಅಂಜಲ್ ಕೇಳಬೇಡಿ

ಕರಾವಳಿಗೆ ಪ್ರವಾಸ ಬರುವವರ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟಿರುವುದು ಒಂದು ಪ್ರಶ್ನೆಯ ಮೇಲೆ. ಜುಲೈ ತಿಂಗಳು, ಹೊರಗೆ ಜಡಿಮಳೆ, ಕಡಲು ಕೆಂಪಾಗಿ ಉಕ್ಕುತ್ತಿದೆ. ಕಾರು ನಿಲ್ಲಿಸಿ ಹೋಟೆಲ್ ಒಳಗೆ ಬಂದವರು ಕುರ್ಚಿ ಎಳೆದು ಕೂರುವ ಮೊದಲೇ ಕೇಳುತ್ತಾರೆ: "ಅಂಜಲ್ ಫ್ರೈ ಇದೆಯಾ? ಫ್ರೆಶ್ ಇರಬೇಕು."

ಹೋಟೆಲಿನವರು "ಇದೆ" ಅನ್ನುತ್ತಾರೆ. ಸುಳ್ಳು ಅಲ್ಲಿಂದ ಶುರು.

ಮೊದಲು ಲೆಕ್ಕ ಹೇಳಿಬಿಡುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕಡಲಿನಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ ಅದು. ಮಂಗಳೂರು, ಮಲ್ಪೆ, ಗಂಗೊಳ್ಳಿಯಿಂದ ಹಿಡಿದು ತದಡಿ, ಕಾರವಾರದವರೆಗೆ ಬೋಟುಗಳೆಲ್ಲ ಬಂದರಿನಲ್ಲಿ ಹಗ್ಗ ಕಟ್ಟಿಕೊಂಡು ನಿಂತಿರುತ್ತವೆ. ನೀರಿಗಿಳಿಯುವುದು ನಾಡದೋಣಿ ಮಾತ್ರ. ಅದೂ ಗಾಳಿ ಸ್ವಲ್ಪ ತಗ್ಗಿದ ದಿನ, ದಡದ ಹತ್ತಿರ.

ನಾಡದೋಣಿಗೆ ಸಿಗಡಿ ಸಿಕ್ಕೀತು, ಬಂಗುಡೆ ಸಿಕ್ಕೀತು, ಅದೃಷ್ಟ ಚೆನ್ನಾಗಿದ್ದರೆ ಒಂದೆರಡು ಅಂಜಲ್ಲೂ ಬಿದ್ದೀತು. ಆದರೆ ಹೆದ್ದಾರಿಯ ಪ್ರತಿ ಹೋಟೆಲಿಗೂ ದಿನಾ ಹೊತ್ತುಹೊತ್ತಿಗೆ ಸಾಲುವಷ್ಟು ಬೀಳುವುದಿಲ್ಲ. ಹಾಗಾದರೆ ನಿಮ್ಮ ತಟ್ಟೆಯ ತುಂಡು ಎಲ್ಲಿಂದ ಬಂತು? ಮೇ ತಿಂಗಳಲ್ಲೇ ಶೀತಲೀಕರಣ ಘಟಕ ಸೇರಿದ್ದಿರಬಹುದು. ಇಲ್ಲವೇ ಲಾರಿಯಲ್ಲಿ ಐಸ್ ಹೊದ್ದು ಮಲಗಿ ಬಂದಿರಬಹುದು. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಆಮೇಲೆ ಅಲ್ಲಿಯ ಮೀನು ಇಲ್ಲಿಗೆ ಬರುತ್ತದೆ. ಅರಬ್ಬಿ ಸಮುದ್ರ ನೋಡಲು ನೂರಾರು ಕಿಲೋಮೀಟರ್ ಓಡಿಸಿಕೊಂಡು ಬಂದು, ಅದರ ದಡದಲ್ಲೇ ಕೂತು ಬಂಗಾಳ ಕೊಲ್ಲಿಯ ಮೀನು ತಿಂದು, "ಕರಾವಳಿ ರುಚಿಯೇ ಬೇರೆ" ಅಂತ ಸ್ಟೇಟಸ್ ಹಾಕುವುದು ಅಂದರೆ ಇದೇ.

ಐಸ್ ಮೀನು ವಿಷ ಅಂತ ನಾವು ಹೇಳುತ್ತಿಲ್ಲ. ಸರಿಯಾಗಿ ಇಟ್ಟರೆ ಅದೂ ಊಟವೇ. ತಕರಾರು ಇರುವುದು "ತಾಜಾ" ಎಂಬ ಬೋರ್ಡಿನ ಬಗ್ಗೆ, ಮತ್ತು ಆ ಬೋರ್ಡನ್ನು ಬರೆಯಿಸುವ ಒತ್ತಾಯದ ಬಗ್ಗೆ.

ಊರಿನ ಸಣ್ಣ ಹೋಟೆಲಿನವರನ್ನು ಒಮ್ಮೆ ಮಾತಾಡಿಸಿ ನೋಡಿ. "ಇಲ್ಲ ಅಂದ್ರೆ ಎದ್ದು ಹೋಗ್ತಾರೆ ಮಾರಾಯ್ರೆ" ಅನ್ನುತ್ತಾರೆ. ಎದ್ದು ಹೋದರೆ ಹೋಗಲಿ, ಹೋಗುವಾಗ ಫೋನ್ ತೆಗೆದು ಒಂದೇ ಸ್ಟಾರ್ ಕೊಟ್ಟು "ಇಲ್ಲಿ ಏನೂ ಸಿಗುವುದಿಲ್ಲ" ಅಂತ ಬರೆದೂ ಹೋಗುತ್ತಾರೆ. ಸತ್ಯ ಹೇಳಿದವರಿಗೆ ಒಂದು ಸ್ಟಾರ್, ಐಸ್ ಪೆಟ್ಟಿಗೆ ತೆರೆದವರಿಗೆ ಐದು. ಹೀಗಿರುವಾಗ ಹೋಟೆಲಿನವರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಮಳೆಗಾಲದಲ್ಲಿ ಕರಾವಳಿಯವರು ಉಪವಾಸ ಇರುತ್ತಾರಾ? ಇಲ್ಲ. ಆ ಕಾಲಕ್ಕೆಂದೇ ಇಲ್ಲಿಯ ಮನೆಗಳಲ್ಲಿ ಬೇರೆ ಅಡುಗೆ ಇದೆ. ಬೇಸಿಗೆಯ ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬಿದ ಮೀನು. ಬಿಸಿ ಗಂಜಿಯ ಪಕ್ಕ ಒಣ ಸಿಗಡಿ ಚಟ್ನಿ. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮೇ ತಿಂಗಳಲ್ಲಿ ಚಾಪೆ ಮೇಲೆ ಒಣಗಿದ ಹಲಸಿನ ಹಪ್ಪಳ. ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸಿದ ಪತ್ರೊಡೆ. ನೆನೆಹಾಕಿ ನೀರು ಬದಲಿಸಿ ಒಗರು ತೆಗೆದ ಕಳಲೆಯ ಪಲ್ಯ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು. ತುಳುನಾಡಿನಲ್ಲಿ ಇದಕ್ಕೆ ಆಟಿ ತಿಂಗಳ ಅಡುಗೆ ಅಂತಲೇ ಹೆಸರು. ಮೀನು ತಿನ್ನದವರಿಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ.

ಈ ಊಟವನ್ನು ವರ್ಷಕ್ಕೊಂದು ದಿನ ಸಭಾಭವನದಲ್ಲಿ ಬಡಿಸಿ, ಸನ್ಮಾನ ಮಾಡಿ, ಫೋಟೋ ಹೊಡೆಸಿಕೊಳ್ಳುತ್ತಾರೆ. ಹೆದ್ದಾರಿಯ ಮೆನುವಿನಲ್ಲಿ ಹುಡುಕಿದರೆ ಮಾತ್ರ ಗೋಬಿ ಮಂಚೂರಿ ಸಿಗುತ್ತದೆ, ಪತ್ರೊಡೆ ಸಿಗುವುದು ಅಪರೂಪ. ಗಂಜಿ, ಒಣಮೀನು ಬಡವರ ಊಟ, ಕಾರಿನಲ್ಲಿ ಬಂದವರಿಗೆ ಹೇಗೆ ಕೊಡುವುದು ಅಂತ ನಾಚಿಕೆ. ಈ ನಾಚಿಕೆಯ ಖರ್ಚು ಯಾರಿಗೆ ಬೀಳುತ್ತದೆ ನೋಡಿ. ಜುಲೈನ ಅಂಜಲ್ ತುಂಡಿಗೆ ನೀವು ಕೊಟ್ಟ ದುಡ್ಡಿನ ದೊಡ್ಡ ಪಾಲು ಲಾರಿಗೆ, ಐಸಿಗೆ, ದಲ್ಲಾಳಿಗೆ ಹೋಗುತ್ತದೆ. ಹಪ್ಪಳ, ಒಣಮೀನು, ಕಳಲೆಗೆ ಕೊಟ್ಟ ದುಡ್ಡು ಪಕ್ಕದ ಕೇರಿಯ ಹೆಂಗಸರ ಕೈ ಸೇರುತ್ತದೆ. ಬೋಟು ನಿಂತು ಮನೆಯ ಗಂಡಸರಿಗೆ ಕೂಲಿ ಇಲ್ಲದ ಎರಡು ತಿಂಗಳಲ್ಲಿ ಆ ದುಡ್ಡಿಗೆ ಬೆಲೆ ಹೆಚ್ಚು.

ಇದು ಮಳೆಗಾಲದ ಕತೆ ಮಾತ್ರ ಅಲ್ಲ. ಕರಾವಳಿಯ ಒಂದೊಂದು ತಿಂಗಳಿಗೂ ಒಂದೊಂದು ತಿನಿಸಿದೆ. ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿ, ಹಂದಿಗೋಣದ ರಸ್ತೆ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗಾಡುತ್ತವೆ. ಹಸಿಯಾಗಿಯೇ ತಿನ್ನಬಹುದು. ಅದೇ ಹೊತ್ತಿಗೆ ಅಂಕೋಲೆಯಲ್ಲಿ ಕರಿ ಈಶಾಡು ಮಾವು ಬರುತ್ತದೆ. 2023ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಪಡೆದ ಹಣ್ಣು. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು, ಗಂಡಸರು ಕೆಸರಿಗಿಳಿದು ಚಿಪ್ಪಿಕಲ್ಲು ಆಯುತ್ತಾರೆ. ಆ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಅದೇ ಸೀಮೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿ ನಿಲ್ಲುವ ಕಗ್ಗ ಭತ್ತ ಬೆಳೆಯುತ್ತದೆ.

ಉಡುಪಿ ಕಡೆಗೆ ಹೋಗೋಣ. ಮಲ್ಪೆಯಿಂದ ಪಡುಕೆರೆ, ಮಟ್ಟು ಮೇಲೆ ಕಾಪುವಿಗೆ ಹೋಗುವ ಕಡಲ ತೀರದ ರಸ್ತೆ ಈಗ ರೀಲ್ಸ್‌ನಲ್ಲಿ ಬಹಳ ಓಡುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗು. ಸೇತುವೆ ಮೇಲೆ ಕಾರು ನಿಲ್ಲಿಸಿ ವಿಡಿಯೋ ಮಾಡುವವರಲ್ಲಿ ಎಷ್ಟು ಮಂದಿಗೆ ಗೊತ್ತು, ಅದೇ ಮಟ್ಟುವಿನಲ್ಲಿ 2011ರಲ್ಲೇ ಜಿಐ ಟ್ಯಾಗ್ ಪಡೆದ ಗುಳ್ಳ ಬದನೆ ಬೆಳೆಯುತ್ತದೆ ಅಂತ? ಮಳೆ ಮುಗಿದು ಗುಳ್ಳ ಬರುವ ಕಾಲದಲ್ಲಿ ಒಂದು ಕಿಲೋ ಕೊಂಡರೆ, ಆ ರಸ್ತೆಯ ಪಕ್ಕದ ಗದ್ದೆಯವರಿಗೆ ಪ್ರವಾಸಿಗರಿಂದ ಸಿಕ್ಕಿದ್ದು ಬರೀ ಹಾರ್ನ್ ಸದ್ದಲ್ಲ ಅಂತಾಗುತ್ತದೆ.

ರಸ್ತೆಗೂ ಕಾಲ ಇದೆ. ಇದನ್ನು ಹೇಳುವವರು ಕಡಿಮೆ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು. ಅಂಥ ಜಾಗ ನೋಡಬೇಕು, ಬೇಡ ಅನ್ನುವುದಿಲ್ಲ. ಆದರೆ ಮಳೆಗಾಲದ ಕಡಲು ದಡ ತಿನ್ನುವುದೂ, ಅದಕ್ಕೆ ಕಲ್ಲು ಸುರಿಯುವುದೂ ಅಲ್ಲಿಯೇ. ಉತ್ತರಕ್ಕೆ ಬಂದರೆ ಗುಡ್ಡ ಕೊರೆದು ರಸ್ತೆ ಅಗಲ ಮಾಡಿದ ಜಾಗಗಳು ಒಂದಾದ ಮೇಲೆ ಒಂದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಅಂಥದೊಂದು ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ನದಿಗೆ ಇಳಿಯಿತು. ರಸ್ತೆ ಬದಿಯ ಚಹಾ ಹೋಟೆಲ್ ಅದನ್ನು ನಡೆಸುತ್ತಿದ್ದ ಕುಟುಂಬದ ಸಮೇತ ಹೋಯಿತು. ಲಾರಿ ಚಾಲಕರು ಹೋದರು. ಆಚೆ ದಡದ ಉಳುವರೆಯಲ್ಲಿ ನೀರು ನುಗ್ಗಿ ಮನೆಗಳು ಹಾಳಾದವು. ಕೇರಳದ ಒಂದು ಲಾರಿಯನ್ನು, ಒಳಗಿದ್ದ ಚಾಲಕನ ದೇಹವನ್ನು ನದಿಯಿಂದ ಎತ್ತಿದ್ದು ಎರಡು ತಿಂಗಳು ದಾಟಿದ ಮೇಲೆ. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು.

ಆ ಚಹಾ ಹೋಟೆಲಿನಂಥ ಜಾಗಗಳೇ ಕರಾವಳಿಯ ನಿಜವಾದ ಊಟದ ಮನೆಗಳು. ಅವನ್ನು ಮುಚ್ಚಿಸಲು ಗುಡ್ಡವೇ ಬೀಳಬೇಕಿಲ್ಲ. ಚತುಷ್ಪಥ ರಸ್ತೆ ಮುಗಿದ ಕಡೆ ನೋಡಿ. ಊರಿನ ಮೇಲೆ ಫ್ಲೈಓವರ್ ಏರಿದೆ, ನಡುವೆ ತಡೆಗೋಡೆ ಇದೆ, ಹೋಟೆಲ್ ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಉಳಿದುಬಿಟ್ಟಿದೆ. ಮೀನು ಬುಟ್ಟಿ ಇಟ್ಟು ಕೂರುತ್ತಿದ್ದ ಮೊಗವೀರ, ಖಾರ್ವಿ ಹೆಂಗಸರಿಗೂ, ತರಕಾರಿ ತರುವ ಹಾಲಕ್ಕಿ ಹೆಂಗಸರಿಗೂ ಜಾಗ ಇಲ್ಲ. ನೂರರ ವೇಗದಲ್ಲಿ ಹೋಗುವ ಕಾರಿಗೆ ಈರುಳ್ಳಿ ಗೊಂಚಲು ಕಾಣುವುದಿಲ್ಲ. ಕಂಡರೂ ಬ್ರೇಕ್ ಹಾಕುವ ಹಾಗಿಲ್ಲ, ಹಾಕಿದರೆ ಅಪಘಾತ. ಕಾರು ನಿಲ್ಲಲು ಅನುಕೂಲ ಇರುವುದು ದೊಡ್ಡ ಪಾರ್ಕಿಂಗ್ ಇರುವ ದೊಡ್ಡ ಹೋಟೆಲಿನ ಮುಂದೆ ಮಾತ್ರ. ಹಾಗಾಗಿ ಅಂಜಲ್ ಬೋರ್ಡು ಅಲ್ಲಿ ಬೆಳೆಯುತ್ತಾ ಹೋಗುತ್ತದೆ.

ಕಡಲ ದಡದ್ದೂ ಇದೇ ಹಾಡು. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಒಳ್ಳೆಯದೇ, ಜಾಗ ಚೊಕ್ಕವಾಗಿದೆ. ಅದೇ ಕಾಸರಕೋಡಿನ ಟೊಂಕದಲ್ಲಿ ಹೆಂಗಸರು ಮರಳಿನ ಮೇಲೆ ಮೀನು ಒಣಗಿಸಿ ಬದುಕುತ್ತಾರೆ. ಅಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಪ್ರವಾಸಿಗೆ ಬೀಚು ಅಂದರೆ ನೋಟ, ಅವರಿಗೆ ಅದೇ ಅಂಗಳ, ಅದೇ ಕಣ. ನಿಮ್ಮ ಊರಿನ ಕಣದಲ್ಲಿ ರಾಗಿ ಹರಡಿರುವಾಗ ಯಾರೋ ಬಂದು "ವಾಸನೆ, ಇದನ್ನು ತೆಗೆಸಿ" ಅಂದರೆ ನಿಮಗೆ ಹೇಗಾಗುತ್ತದೆ? ಒಣಮೀನಿನ ಹತ್ತಿರ ಮೂಗು ಮುಚ್ಚಿಕೊಳ್ಳುವವರನ್ನು ನೋಡಿದಾಗ ನಮಗೂ ಹಾಗೇ ಆಗುತ್ತದೆ.

ಇದಕ್ಕೆ ಬರುವ ಉತ್ತರವೂ ಗೊತ್ತಿದೆ. "ಪ್ರವಾಸಿಗರು ದುಡ್ಡು ಕೊಡುತ್ತಾರೆ, ಕೇಳಿದ್ದು ಕೊಡಬೇಕು, ಇಲ್ಲದಿದ್ದರೆ ಗೋವಾಕ್ಕೆ ಹೋಗುತ್ತಾರೆ." ಹೋಗಲಿ ಬಿಡಿ ಅನ್ನುವಷ್ಟು ಶ್ರೀಮಂತರು ನಾವಲ್ಲ. ಆದರೆ ಮಾವಿನ ಹಣ್ಣನ್ನು ಡಿಸೆಂಬರಿನಲ್ಲಿ ಕೇಳಿ, ಇಲ್ಲ ಅಂದರೆ ಯಾರೂ ಜಗಳ ಮಾಡುವುದಿಲ್ಲ. ಮೀನಿಗೂ ಕಾಲ ಇದೆ ಅಂತ ಯಾರೂ ಹೇಳಿಲ್ಲ, ಅಷ್ಟೇ. "ಕರಾವಳಿಯಲ್ಲಿ ತಿನ್ನಲೇಬೇಕಾದ ಹತ್ತು ತಿನಿಸು" ಅಂತ ಬರೆಯುವ ಪುರವಣಿಗಳು, ವಿಡಿಯೋ ಮಾಡುವವರು ಯಾವ ತಿಂಗಳು ಅನ್ನುವ ಒಂದು ಸಾಲು ಸೇರಿಸಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ.

ನಿಮ್ಮಿಂದ ಆಗುವುದು ಸುಲಭ. ಹೋಟೆಲಿಗೆ ಹೋದಾಗ ಮೀನಿನ ಹೆಸರು ಹೇಳಬೇಡಿ. "ಇವತ್ತು ಏನು ಬಂದಿದೆ?" ಅಂತ ಕೇಳಿ. ಬಂಗುಡೆ ಅಂದರೆ ಬಂಗುಡೆ, ತಾರಲೆ ಅಂದರೆ ತಾರಲೆ, ಏನೂ ಬಂದಿಲ್ಲ ಅಂದರೆ ಒಣಮೀನು ಚಟ್ನಿ, ಗಂಜಿ. "ಇಲ್ಲ" ಅಂದ ಹೋಟೆಲಿನವರಿಗೆ ಐದು ಸ್ಟಾರ್ ಕೊಡಿ. ಫ್ಲೈಓವರ್ ಹತ್ತುವ ಬದಲು ಸರ್ವಿಸ್ ರಸ್ತೆಗೆ ಇಳಿಯಿರಿ. ಗುಡ್ಡ ಕೊರೆದ ಕಡೆ ಜೋರು ಮಳೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. ರೆಡ್ ಅಲರ್ಟ್ ಇದ್ದ ದಿನ ಮನೆಯಲ್ಲೇ ಇರಿ, ಕಡಲು ಎಲ್ಲಿಗೂ ಹೋಗುವುದಿಲ್ಲ.

ಸರ್ಕಾರದಿಂದ ಆಗಬೇಕಾದ್ದು ಬೇರೆ ಇದೆ. ಕೊರೆದ ಗುಡ್ಡಗಳನ್ನು ಮಳೆಗೆ ಮೊದಲೇ ಭದ್ರ ಮಾಡಬೇಕು, ಆಗದ ಕಡೆ ಸಂಚಾರವನ್ನೇ ನಿಲ್ಲಿಸಬೇಕು. ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಲು ಜಾಗ ಬಿಟ್ಟು, ಅಲ್ಲಿ ಮೀನು, ಈರುಳ್ಳಿ, ಹಣ್ಣು ಮಾರುವವರಿಗೆ ಮಾಡು ಕಟ್ಟಿಕೊಡಬೇಕು. ನಿಷೇಧದ 61 ದಿನ ಹೋಟೆಲುಗಳು ಮೀನು ಎಲ್ಲಿಯದು ಅಂತ ಬೋರ್ಡಿನಲ್ಲಿ ಬರೆಯುವಂತೆ ಮಾಡಬೇಕು. ಪ್ರವಾಸೋದ್ಯಮ ಇಲಾಖೆಗೆ ಸೀಮೆಸುಣ್ಣದ ಖರ್ಚಿಗಿಂತ ಹೆಚ್ಚೇನೂ ಬೀಳುವುದಿಲ್ಲ.

ಶಿರೂರಿನಲ್ಲಿ ಸತ್ತವರು ದುಡಿಯುತ್ತಿದ್ದವರು. ಚಹಾ ಕೊಡುತ್ತಿದ್ದವರು, ಲಾರಿ ಓಡಿಸುತ್ತಿದ್ದವರು. ನೀವು ರಜೆಗೆ ಬರುವ ರಸ್ತೆ ಅವರು ದಿನಾ ದುಡಿಯುವ ರಸ್ತೆ. ಇದನ್ನು ನೆನಪಿಟ್ಟುಕೊಂಡು ಬನ್ನಿ.