ಮನೆವಾರ್ತೆ: ಉಯ್ಯಾಲೆಯ ಕೊಂಡಿಗೆ ಯಾವ ಅಂಟು?

ಊರಿನ ಮನೆಯಲ್ಲಿ ಉಯ್ಯಾಲೆ ಕಟ್ಟಲು ಯಾರ ಸಲಹೆಯೂ ಬೇಕಿರಲಿಲ್ಲ. ಪಡಸಾಲೆಯ ತೊಲೆಗೆ ಕಮ್ಮಾರ ಬಡಿದ ಕೊಂಡಿ ಮೂರು ತಲೆಮಾರನ್ನು ತೂಗಿತು. ದಿಲ್ಲಿಯಲ್ಲಿ ತೊಲೆಯೆಲ್ಲಿ ಬಂತು? ತಲೆಯ ಮೇಲಿರುವುದು ಐದಂಗುಲದ ಕಾಂಕ್ರೀಟು. ಅತ್ತೆಯವರು ಹಿತ್ತಾಳೆಯ ಸರಪಳಿಗಳನ್ನು ರೈಲಿನಲ್ಲಿ ಹೊತ್ತು ತಂದಾಗ, ದ್ವಾರಕಾದಲ್ಲಿ ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿರುವ ನಮಗೆ ಈ ಚಿಂತೆ ಹತ್ತಿತು. ನಾವು ಪಟ್ಟ ಪಾಡು ವಾಚಕ ಬಂಧುಗಳಿಗೆ ತಪ್ಪಲೆಂದು ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಕೆಮಿಕಲ್ ಆಂಕರ್ ಎಂಬುದನ್ನು ಬಲ್ಲವರು ಬಲ್ಲರು. ಕಾಂಕ್ರೀಟಿನಲ್ಲಿ ತೂತು ಕೊರೆದು, ಎರಡು ಭಾಗದ ರಾಳವನ್ನು ಬಂದೂಕಿನಂಥ ಪಿಚಕಾರಿಯಿಂದ ತುಂಬಿ, ತಿರುಪು ಸುತ್ತಿದ ಉಕ್ಕಿನ ಸಲಾಕೆಯನ್ನು ತಿರುಗಿಸುತ್ತ ಇಳಿಸುವುದು. ರಾಳ ಗಟ್ಟಿಯಾದರೆ ಸಲಾಕೆಯೂ ಕಾಂಕ್ರೀಟೂ ಒಂದೇ ಮೈ.

ಅಂಗಡಿಯವನು ಎಲ್ಲಕ್ಕೂ ಅಗ್ಗದ ಕೊಳವೆಯನ್ನು ಮುಂದಿಟ್ಟು, "ಪಾಂಚ್ ಮಿನಟ್ ಮೇ ಪತ್ಥರ್" ಎಂದ. ನಮಗೂ ಅವಸರ, ಯುಗಾದಿ ಹತ್ತಿರ ಬಂದಿತ್ತು. ಮಿಸ್ತ್ರಿ ತೂತು ಕೊರೆದು, ಬಾಯಿಂದ ಒಮ್ಮೆ ಊದಿ, ರಾಳ ತುಂಬಿದ. ಮರುದಿನ ಎರಡು ಮೂಟೆ ಮರಳನ್ನು ತೂಗುಹಾಕಿ ನೋಡಿದೆವು, ಅಲುಗಲಿಲ್ಲ. ಅತ್ತೆಯವರು ದಿನವೂ ಕುಳಿತು ಹೂ ಕಟ್ಟುವುದಾಯಿತು, ಮಕ್ಕಳು ಜೀಕಿದ್ದೂ ಆಯಿತು. ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಕಿರಿಯ ಹುಡುಗ ಬೆರಳು ತೋರಿಸಿದ: ಕೊಂಡಿಯ ತಗಡಿಗೂ ಸೂರಿಗೂ ನಡುವೆ ರೂಪಾಯಿ ನಾಣ್ಯ ಹೊಗುವಷ್ಟು ಸಂದು!

ಉಯ್ಯಾಲೆಯನ್ನು ಆ ಕ್ಷಣವೇ ಇಳಿಸಿದೆವು. ಬಿಚ್ಚಿಸಿ ನೋಡಿದರೆ ರಾಳದ ಮೈಗೆಲ್ಲ ಬೂದುಬಣ್ಣದ ಪುಡಿ, ಹಿಟ್ಟಿನಲ್ಲಿ ಹೊರಳಿಸಿದ ಹೋಳಿಗೆಯಂತೆ. ಅದು ಹಿಡಿದುಕೊಂಡದ್ದು ಧೂಳನ್ನು, ಕಾಂಕ್ರೀಟನ್ನಲ್ಲ.

ಆಗ ನೆನಪಾದದ್ದು ಅಮೆರಿಕದ ಬಾಸ್ಟನ್ ನಗರದ ಸುದ್ದಿ. ೨೦೦೬ರ ಜುಲೈ ೧೦ರಂದು ಅಲ್ಲಿನ ಸುರಂಗಮಾರ್ಗದ ಸೂರಿನಿಂದ ಸುಮಾರು ೨೬ ಟನ್ ಕಾಂಕ್ರೀಟು ಕಾರೊಂದರ ಮೇಲೆ ಬಿದ್ದು ಒಬ್ಬ ಹೆಂಗಸು ಸತ್ತಳು. ತನಿಖೆಯಲ್ಲಿ ಹೊರಬಿದ್ದದ್ದು ಇದು: ಬೇಗ ಗಟ್ಟಿಯಾಗುವ ಎಪಾಕ್ಸಿ ಬಳಸಿದ್ದರು, ಅಲ್ಪಕಾಲದ ಎಳೆತದ ಪರೀಕ್ಷೆಯಲ್ಲಿ ಅದು ಗೆದ್ದಿತ್ತು, ಆದರೆ ಎಡೆಬಿಡದ ಭಾರಕ್ಕೆ ಕೂದಲೆಳೆಯಷ್ಟಷ್ಟೇ ಜಾರುತ್ತ ಬಂತು. ೧೯೯೯ರಲ್ಲೇ ಕೆಲವು ಬೋಲ್ಟು ಜಾರಿದ್ದನ್ನು ಕಂಡು, ಅವನ್ನಷ್ಟೇ ಮತ್ತೆ ಕೂರಿಸಿ ಸುಮ್ಮನಾಗಿದ್ದರಂತೆ. ನಮ್ಮ ಮರಳಿನ ಮೂಟೆಯ ಪರೀಕ್ಷೆಯೂ ಅದೇ ಜಾತಿಯದು.

ರಾಳಗಳಲ್ಲಿ ಮುಖ್ಯವಾದುವು ಮೂರು. ಪಾಲಿಯೆಸ್ಟರ್ ಅಗ್ಗ, ಕಪಾಟು, ಕನ್ನಡಿಯಂಥ ಹಗುರ ಕೆಲಸಕ್ಕೆ ಸಾಕು, ಆದರೆ ತೇವದ ಕಾಂಕ್ರೀಟಿನ ಕ್ಷಾರಕ್ಕೆ ಸೋಲುತ್ತದೆ, ಬಿಸಿಗೂ ಹೇಳಿಸಿದ್ದಲ್ಲ. ದಿಲ್ಲಿಯ ಜೂನ್ ಬಿಸಿಲಿಗೆ ಮೇಲಂತಸ್ತಿನ ಸೂರು ಹೆಂಚಿನಂತೆ ಕಾಯುವುದನ್ನು ನಾವು ಮರೆತಿದ್ದೆವು. ವಿನೈಲೆಸ್ಟರ್ ಅದಕ್ಕಿಂತ ಗಟ್ಟಿಗ. ಬೇಗ ಒಣಗುತ್ತದೆ, ಚಳಿಗಾಲದಲ್ಲೂ ಕೆಲಸ ಕೊಡುತ್ತದೆ. ಗ್ಯಾಲರಿಯ ಸರಳು, ಏಸಿಯ ಹೊರಪೆಟ್ಟಿಗೆಗಳಿಗೆ ನಮ್ಮ ಆಯ್ಕೆ ಇದೇ. ಶುದ್ಧ ಎಪಾಕ್ಸಿ ನಿಧಾನಸ್ಥ, ಬೆಲೆಯೂ ಹೆಚ್ಚು, ಹಿಡಿತವೂ ಹೆಚ್ಚು. ಆದರೆ ಹೆಸರು ನೋಡಿ ನಂಬಬಾರದು, ಬಾಸ್ಟನ್ನಿನದೂ ಎಪಾಕ್ಸಿಯೇ. ತಲೆಯ ಮೇಲೆ ತೂಗುವ ಭಾರಕ್ಕೆ, ನಿರಂತರ ಎಳೆತಕ್ಕೆ, ಬಿರುಕುಬಿಟ್ಟ ಕಾಂಕ್ರೀಟಿಗೆ ಪರೀಕ್ಷೆಯಾಗಿದೆಯೆ ಎಂದು ತಯಾರಕರ ಪತ್ರವನ್ನು ಕೇಳಿ ಓದಬೇಕು. ಬಿರುಕಿನ ಮಾತು ದಿಲ್ಲಿಯವರಿಗೆ ಹೆಚ್ಚಿನದಲ್ಲ. ೨೦೨೫ರ ಫೆಬ್ರವರಿ ೧೭ರ ಮುಂಜಾನೆ ಧೌಲಾ ಕುವಾದ ಬಳಿ ಹುಟ್ಟಿದ ೪.೦ ಪ್ರಮಾಣದ ಕಂಪನ ನಮ್ಮನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿತ್ತಷ್ಟೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ಪರಿಚಯದ ಇಂಜಿನಿಯರರು ಬಂದು ಹಳೆಯ ತೂತುಗಳನ್ನು ಬಿಟ್ಟು ಬೇರೆ ಜಾಗ ಗುರುತಿಸಿದರು. ಒಳಗಿನ ಕಂಬಿಯನ್ನೂ ವಿದ್ಯುತ್ ಕೊಳವೆಯನ್ನೂ ಯಂತ್ರದಿಂದ ಪತ್ತೆಮಾಡಿದರು. ೧೦ ಮಿ.ಮೀ. ಸಲಾಕೆಗೆ ೧೨ ಮಿ.ಮೀ. ತೂತು, ಆಳ ೯೦. ಸೂರಿನ ದಪ್ಪ ಅದಕ್ಕಿಂತ ೩೦ ಆದರೂ ಹೆಚ್ಚಿರಬೇಕು. ಒಂದೊಂದು ತಗಡಿಗೆ ನಾಲ್ಕು ಸಲಾಕೆ. ತೂತನ್ನು ಪಂಪಿನಿಂದ ತಳದವರೆಗೆ ಊದುವುದು, ತಂತಿಯ ಕುಂಚದಿಂದ ಉಜ್ಜುವುದು, ಮತ್ತೆ ಊದುವುದು. ಧೂಳು ಬರುವುದು ನಿಲ್ಲುವ ತನಕ. ಕೊಳವೆಯಿಂದ ಮೊದಲು ಬರುವ ರಾಳ ಒಂದೇ ಬಣ್ಣಕ್ಕೆ ತಿರುಗುವವರೆಗೆ ಅದನ್ನು ಕಾಗದದ ಮೇಲೆ ಚೆಲ್ಲಬೇಕು. ಇದನ್ನು ದಂಡವೆಂದು ಮಿಸ್ತ್ರಿಗಳು ಒಪ್ಪುವುದಿಲ್ಲ, ಬಳಿಯಲ್ಲೇ ನಿಂತು ಮಾಡಿಸಬೇಕು. ತುಂಬುವುದು ತಳದಿಂದ, ಗಾಳಿಗುಳ್ಳೆ ಉಳಿಯದಂತೆ.

ಕೊಳವೆಯ ಮೇಲೆ ಅಚ್ಚಾಗಿರುವ ಅವಧಿಯನ್ನೂ ಉಷ್ಣತೆಯ ಪಟ್ಟಿಯನ್ನೂ ಓದದೆ ಕೊಳ್ಳಬೇಡಿ. ಬಿಸಿಲಿಗೆ ಬೆಂದ ಅಂಗಡಿಯ ಸರಕು ಅವಧಿಗೆ ಮೊದಲೇ ಕೆಟ್ಟಿರಬಹುದು. ಮೇ ತಿಂಗಳಲ್ಲಿ ಬೇಗ ಒಣಗುವ ರಾಳ ಒಂದೆರಡು ನಿಮಿಷದಲ್ಲೇ ಬಿಗಿದೀತು. ಡಿಸೆಂಬರಿನಲ್ಲಿ ಎಪಾಕ್ಸಿಗೆ ಒಂದು ದಿನವೂ ಸಾಲದೆ ಹೋದೀತು. ನಾವು ಮೂರು ದಿನ ಸಲಾಕೆಯನ್ನು ಮುಟ್ಟಲಿಲ್ಲ.

ನೊಯ್ಡಾ, ಗುರುಗ್ರಾಮಗಳ ಹೊಸ ಗೋಪುರಗಳಲ್ಲಿರುವವರಿಗೆ ಒಂದು ಮಾತು. ಕೆಲವೆಡೆ ಸೂರಿನೊಳಗೆ ಬಿಗಿದೆಳೆದ ಉಕ್ಕಿನ ಹಗ್ಗಗಳಿರುತ್ತವೆ. ಕಟ್ಟಡದ ನಕ್ಷೆ ಕಾಣದೆ ಅಲ್ಲಿ ಡ್ರಿಲ್ಲು ಇಡಲೇಬಾರದು. ಬಾಡಿಗೆಯ ಮನೆಯವರು ನೆಲದ ಮೇಲೆ ನಿಲ್ಲುವ ಚೌಕಟ್ಟಿನ ಉಯ್ಯಾಲೆಯನ್ನೇ ಕೊಳ್ಳುವುದು ಮೇಲು. ಟೊಳ್ಳು ಇಟ್ಟಿಗೆಯ ಗೋಡೆಗೆ ಜಾಲರಿಯ ತೋಳು ಬೇಕು. ಅದರ ವಿವರ ಮುಂದಿನ ಸಂಚಿಕೆಗೆ.

ಅತ್ತೆಯವರು ಈಗ ಮತ್ತೆ ಉಯ್ಯಾಲೆಯಲ್ಲೇ ಹೂ ಕಟ್ಟುತ್ತಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಕಿರಿಯ ಹುಡುಗ ಏಣಿ ಹತ್ತಿ, ತಗಡಿನ ಸಂದಿಗೆ ಅಂಚೆಕಾರ್ಡು ತೂರಿಸಿ ನೋಡುತ್ತಾನೆ. ಇದುವರೆಗೆ ತೂರಿಲ್ಲ.