ಗುಡ್ಡದ ನೆತ್ತಿಯಲ್ಲಿ ತಪ್ಪಿಗೆ ಎಡೆಯೆಲ್ಲಿ?

2010ರ ಮೇ 22ರಂದು ದುಬೈನಿಂದ ಮಂಗಳೂರಿನ ಬಜಪೆಗೆ ಬಂದ ವಿಮಾನವು ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಅಸುನೀಗಿದರು. ಬದುಕುಳಿದವರು 8 ಮಂದಿ ಮಾತ್ರ. ಮುಖ್ಯ ಪೈಲಟ್ ತಪ್ಪಿದನೆಂದು ತನಿಖೆ ಹೇಳಿತು. ಅದು ದಿಟ. ಇಳಿಯುವ ವಿಮಾನದ ವೇಗ, ಇಳಿಜಾರು, ದಿಕ್ಕು ನೆಲ ಇನ್ನೂ 500 ಅಡಿ ಕೆಳಗಿರುವಾಗಲೇ, ಮೋಡ ಮುಸುಕಿದ್ದರೆ 1000 ಅಡಿಯಲ್ಲೇ, ಹದಕ್ಕೆ ಬಂದಿರಬೇಕು. ಇಲ್ಲವಾದರೆ ಮತ್ತೆ ಮೇಲೇರಿ ಸುತ್ತಿ ಬರುವುದೇ ನಿಯಮ. ಸಹಪೈಲಟ್ ಮೂರು ಬಾರಿ ಹಾಗೆಂದರೂ ಪ್ರಯೋಜನವಾಗಲಿಲ್ಲ. 2450 ಮೀಟರ್ ರನ್‌ವೇಯಲ್ಲಿ ಚಕ್ರಗಳು ನೆಲ ಮುಟ್ಟಿದ್ದು ಸುಮಾರು 1600 ಮೀಟರ್ ಕಳೆದ ಮೇಲೆ.

ಆದರೆ ಸತ್ತವನ ಮೇಲೆ ಹೊಣೆ ಹೊರಿಸಿ ಕಡತ ಮುಚ್ಚುವುದು ನ್ಯಾಯವೇ? ಬಯಲಿನಲ್ಲಿ ರನ್‌ವೇ ಮೀರಿದ ವಿಮಾನಕ್ಕೆ ನಿಲ್ಲಲು ನೆಲವಿರುತ್ತದೆ. ಗುಡ್ಡ ಕಡಿದು ಕಟ್ಟಿದಲ್ಲಿ ಪ್ರಪಾತವಿರುತ್ತದೆ. ಈ ರನ್‌ವೇ ಬೇಡವೆಂದು ಸ್ಥಳೀಯರು 1997ರಲ್ಲೇ ಹೈಕೋರ್ಟಿನ ಮೊರೆಹೊಕ್ಕಿದ್ದರು. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಜರೆದವರು ಈಗೇನೆನ್ನುತ್ತಾರೆ?

ಪಾಠ ಕಲಿಯಲಿಲ್ಲ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನ ಇಂಥದೇ ಗುಡ್ಡದಲ್ಲಿ, ಮಳೆ ಮತ್ತು ಹಿಂಗಾಳಿಯ ನಡುವೆ, ಅರ್ಧ ರನ್‌ವೇ ಕಳೆದು ನೆಲ ಮುಟ್ಟಿದ ವಿಮಾನ ಕಮರಿಗುರುಳಿತು. 21 ಜೀವಗಳು ಹೋದವು.

ಮನುಷ್ಯ ತಪ್ಪುತ್ತಾನೆ, ಆ ತಪ್ಪನ್ನು ತಾಳಿಕೊಳ್ಳುವ ನೆಲವನ್ನು ಮೊದಲೇ ಒದಗಿಸುವುದು ಯೋಜಕರ ಧರ್ಮ. ಗುಡ್ಡದ ರನ್‌ವೇಗಳ ಕೊನೆಯಲ್ಲಿ ಚಕ್ರ ಹೂತು ವಿಮಾನ ನಿಲ್ಲುವಂಥ ಮೆದು ಹಾಸು ಕಡ್ಡಾಯವಾಗಲಿ. ಸುತ್ತಿ ಬಂದ ಪೈಲಟ್‌ನನ್ನು ಯಾರೂ ದಂಡಿಸದಿರಲಿ. ಇನ್ನೊಂದು ಗುಡ್ಡದ ತಲೆ ಕಡಿಯುವ ಮುನ್ನ ಅಲ್ಲಿನ ಊರವರ ಮಾತಿಗೆ ಕಿವಿಗೊಡಲಿ.