ಅಂಗೈಯಲ್ಲೇ ಜೂಜಿನ ಅಡ್ಡೆ

ಮಗನ ಕೈಯಲ್ಲಿ ಇಸ್ಪೀಟೆಲೆ ಕಂಡರೆ ಸುಮ್ಮನಿರುವ ತಂದೆ ನಮ್ಮ ಸಮುದಾಯದಲ್ಲಿ ವಿರಳ. ಆದರೆ ಅದೇ ಮಗ ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆಯ ತನಕ ಮೊಬೈಲಿನ ಮುಂದೆ ಕುಳಿತು, ‘ಆಪ್ಶನ್ ಟ್ರೇಡಿಂಗ್ ಕಲಿಯುತ್ತಿದ್ದೇನೆ’ ಎಂದರೆ ನಾವು ಹೆಮ್ಮೆಪಡುತ್ತೇವೆ. ಕಲಿಕೆ ಎಂಬ ಪದದ ಮೇಲೆ ನಮಗಿರುವ ಗೌರವವೇ ಇಲ್ಲಿ ನಮ್ಮನ್ನು ವಂಚಿಸುತ್ತಿದೆಯೇ?

ಶೇರು ಕೊಂಡವನು ಕಂಪೆನಿಯೊಂದರ ಪಾಲುದಾರ. ಆಪ್ಶನ್ ಕೊಂಡವನಿಗೆ ದೊರೆಯುವುದು ನಿಗದಿತ ದಿನದಂದು ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು ಮಾತ್ರ. ಅದಕ್ಕೆ ತೆತ್ತ ಪ್ರೀಮಿಯಂ ಹಿಂದಿರುಗುವುದಿಲ್ಲ. ಸೂಚ್ಯಂಕವು 24,950ರಲ್ಲಿರುವಾಗ ಯುವಕನೊಬ್ಬ 25,000ದ ಕಾಲ್ ಆಪ್ಶನನ್ನು 150 ರೂಪಾಯಿಯ ದರದಲ್ಲಿ ಕೊಂಡನೆನ್ನಿ. ಅವಧಿ ಮುಗಿಯುವ ದಿನ ಸೂಚ್ಯಂಕ 25,100ಕ್ಕೇರಿತು. ಊಹೆ ನಿಜವಾಯಿತು, ಆದರೂ ಕೈಗೆ ಬಂದದ್ದು 100, ನಷ್ಟ 50! ಸೂಚ್ಯಂಕವು 25,000ವನ್ನು ದಾಟದಿದ್ದರೆ 150 ಕೂಡಾ ಹೋಯಿತು. ಆಪ್ಶನ್ ಮಾರಿದವನ ನಷ್ಟಕ್ಕಂತೂ ಈ ಮಿತಿಯೂ ಇಲ್ಲ.

‘ಅನುಭವ ಬಂದರೆ ಗೆಲ್ಲಬಹುದು’ ಎಂಬುದು ಯುವಕರ ಉತ್ತರ. ಅಂಕಿಅಂಶ ಹೇಳುವುದೇ ಬೇರೆ. ಸೆಬಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಅಧಿಕ ವ್ಯಕ್ತಿಗಳ ಪೈಕಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಲಾಭ ಯಾರಿಗೆ? 2023-24ರಲ್ಲಿ ಸ್ವಂತ ಬಂಡವಾಳದ ವಹಿವಾಟು ಸಂಸ್ಥೆಗಳು 33,000 ಕೋಟಿಯನ್ನೂ ವಿದೇಶಿ ಹೂಡಿಕೆದಾರರು 28,000 ಕೋಟಿಯನ್ನೂ ಗಳಿಸಿದರು. ಇದರ ಬಹುಪಾಲು ಕಂಪ್ಯೂಟರ್ ಆದೇಶಗಳಿಂದ ಬಂದ ಲಾಭ. ಇತ್ತ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚಿನವರ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ. ಯಾರ ಹಣ ಯಾರ ತಿಜೋರಿ ಸೇರುತ್ತಿದೆಯೆಂದು ವಿವರಿಸಬೇಕಿಲ್ಲ. ಸತತ ಎರಡು ವರ್ಷ ಸೋತವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಆಟ ನಿಲ್ಲಿಸಲಿಲ್ಲ. ಇದು ಕಲಿಕೆಯ ಲಕ್ಷಣವೋ, ಚಟದ ಲಕ್ಷಣವೋ?

ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1992ರಲ್ಲೇ ಆಪ್ಶನ್ ವ್ಯವಹಾರ ಅನುಮತಾರ್ಹವಲ್ಲವೆಂದು ನಿರ್ಣಯಿಸಿತ್ತು. ಆದರೆ ‘ಹರಾಮ್’ ಎಂಬ ಒಂದು ಪದವನ್ನು ಯುವಕನ ಮುಖಕ್ಕೆಸೆದು ಎದ್ದು ಹೋದರೆ ನಮ್ಮ ಹೊಣೆ ತೀರುವುದಿಲ್ಲ. ಪದವಿ ಪಡೆದೂ ಕೆಲಸ ಸಿಗದವನು, ತಂಗಿಯ ಮದುವೆಯ ಚಿಂತೆ ಹೊತ್ತವನು ಈ ಬಲೆಗೆ ಬೀಳುವುದು ದುರಾಸೆಯಿಂದ ಮಾತ್ರವಲ್ಲ, ಹತಾಶೆಯಿಂದಲೂ ಹೌದು. ಬಂಡವಾಳವಿದ್ದವರು ಅವನನ್ನು ತಮ್ಮ ವ್ಯಾಪಾರದಲ್ಲಿ ಪಾಲುದಾರನನ್ನಾಗಿ ಮಾಡಿಕೊಳ್ಳಲು ಸಿದ್ಧರಿದ್ದಾರೆಯೇ?

ಹೆತ್ತವರು ಇಂದು ರಾತ್ರಿಯೇ ಮಗನ ಪಕ್ಕದಲ್ಲಿ ಕುಳಿತು, ಗದರದೆ, ಅವನ ಖಾತೆಯ ಲಾಭ-ನಷ್ಟದ ಪಟ್ಟಿಯನ್ನು ಆರಂಭದ ದಿನದಿಂದ ಓದಲಿ. ಸಾಲವಿದ್ದರೆ ಅದೂ ಹೊರಬರಲಿ. ಮುಚ್ಚಿಟ್ಟ ನಷ್ಟ ಮನೆಯನ್ನೇ ಮುಳುಗಿಸುವ ಮೊದಲು ಆ ಲೆಕ್ಕ ಮನೆಯವರೆಲ್ಲರಿಗೂ ತಿಳಿಯಬೇಕು.